ಪಾಸಿದ್ದವರ ಲೈನು

ನಮ್ಮ ಮನೆಯಲ್ಲಿ ‘ಲೈನು’ ಎಂದರೆ ಕೇರಿ, ಊರು, ವಿಳಾಸ ಎಲ್ಲವೂ. ಕೆ.ಜಿ.ಎಫ್‌ನಲ್ಲಿ ಗಣಿ ಕಾರ್ಮಿಕರಿಗಾಗಿ ಕಟ್ಟಿದ ಮನೆಗಳ ಸಾಲುಗಳಿಗೆ ಆ ಹೆಸರು. ಗಣಿ ಮುಚ್ಚಿ ಇಷ್ಟು ವರ್ಷಗಳಾದ ಮೇಲೂ ನಮ್ಮವರು ಹೊಸಬರನ್ನು ಕಂಡರೆ ಹೆಸರಿಗಿಂತ ಮೊದಲು ‘ಯಾವ ಲೈನು?’ ಎಂದು ಕೇಳುತ್ತಾರೆ. ನಾನು ನಂದಿದುರ್ಗದ ಲೈನಿನಲ್ಲಿಯೇ ಹುಟ್ಟಿ ಬೆಳೆದವಳು. ಆದರೆ ಈಚೆಗೆ ಆ ಶಬ್ದ ಕಿವಿಗೆ ಬಿದ್ದಾಗ ನನಗೆ ನೆನಪಾಗುವುದು ಮೊಣಕಾಲೆತ್ತರದ ಒಂದು ಪ್ಲಾಸ್ಟಿಕ್ ಸರಪಳಿ. ಅದರ ಒಂದು ಬದಿಯಲ್ಲಿ ನಾನಿದ್ದೆ. ಇನ್ನೊಂದು ಬದಿಯಲ್ಲಿ ನಮ್ಮ ಮನೆಯವರೆಲ್ಲ ಇದ್ದರು.

ಅಪ್ಪ ಕ್ಯಾಸಂಬಳ್ಳಿ ಕಡೆಯ ಕೂಲಿ ಮನೆತನದವರು. ಗಣಿಯ ಕೊನೆಯ ವರ್ಷಗಳಲ್ಲಿ ನೆಲದಡಿಯ ಕೆಲಸಕ್ಕೆ ಸೇರಿದರು. ಗಣಿ ನಿಂತ ಮೇಲೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ಗಾರೆ ಕೆಲಸ ಮಾಡಿದರು. ಆ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಬಂಗಾರಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಡಿಗೆಯ ಕೋಣೆಯಲ್ಲಿದ್ದೇನೆ. ಭಾನುವಾರಗಳಲ್ಲಿ ಮನೆಗೆ ಹೋಗುತ್ತೇನೆ. ದೂರ ಅರ್ಧ ಗಂಟೆಯದು. ಆದರೂ ಮನೆಯಲ್ಲಿ ನನಗೆ ಚಾಪೆಯ ಬದಲು ಕುರ್ಚಿ ಹಾಕುತ್ತಾರೆ.

ಇದಕ್ಕೆ ಕಾರಣ ನಾನೇ. ನಮ್ಮ ಕಡೆಯ ಮಾತಿನಲ್ಲಿ ಪದದ ಮೊದಲಿನ ‘ಹ’ಕಾರ ಉಳಿಯುವುದಿಲ್ಲ. ಹೋಗು ಎಂಬುದು ಓಗು, ಹಾಲು ಎಂಬುದು ಆಲು. ಪದವಿಯ ಮೊದಲ ವರ್ಷದಲ್ಲಿ ಪಾಠವನ್ನು ಗಟ್ಟಿಯಾಗಿ ಓದಲು ಎದ್ದು ನಿಂತವಳು ‘ಹಳ್ಳಿಯ ಹೆಣ್ಣುಮಕ್ಕಳು’ ಎಂಬುದನ್ನು ‘ಅಳ್ಳಿಯ ಎಣ್ಣುಮಕ್ಕಳು’ ಎಂದು ಓದಿದೆ. ಮೇಷ್ಟ್ರು ನಗಲಿಲ್ಲ, ಉಳಿದವರು ನಕ್ಕರು. ಅಂದಿನಿಂದ ಅಂಗೈಯನ್ನು ಬಾಯಿಗೆ ಅಡ್ಡಲಾಗಿ ಹಿಡಿದು, ಉಸಿರು ತಗುಲುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುತ್ತ ಆ ಒಂದು ಅಕ್ಷರವನ್ನು ಕಲಿತೆ. ಕಲಿತವಳು ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ಅಪ್ಪ ತಟ್ಟೆಯನ್ನು ಮುಂದಕ್ಕೆ ಸರಿಸಿ, ‘ಅಣ್ಣು ತಗಳ್ಳಿ’ ಎಂದರು. ನಾನು ಬಾಗಿಲ ಬಳಿಯಿಂದ, ‘ಹಣ್ಣು, ಅಪ್ಪಾ’ ಎಂದು ತಿದ್ದಿದೆ. ಬಂದವರು ನಕ್ಕರು. ಅಪ್ಪನೂ ನಕ್ಕರು. ಆ ಸಂಬಂಧ ಕೂಡಿಬರಲಿಲ್ಲ. ಅದರ ಬಗ್ಗೆ ನನಗೆ ದುಃಖವಿಲ್ಲ.

ಆದರೆ ಅಂದಿನಿಂದ ಅಪ್ಪ ನನ್ನೊಡನೆ ಮಾತನಾಡುವಾಗ ‘ಹ’ಕಾರವನ್ನು ಹುಡುಕಿ ಹುಡುಕಿ ಹಾಕತೊಡಗಿದರು. ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಅವರಿಗೆ ತಿಳಿಯದು. ಊಟ ಎಂಬುದು ಹೂಟವಾಯಿತು, ಇವತ್ತು ಎಂಬುದು ಹಿವತ್ತಾಯಿತು. ತಪ್ಪಾಗಬಾರದೆಂದು ಮಾತನ್ನೇ ಕಡಿಮೆ ಮಾಡಿದರು. ಮೊದಲು ‘ಲೇ, ಬಾರೇ ಇಲ್ಲಿ’ ಎನ್ನುತ್ತಿದ್ದವರು ‘ಬಾಮ್ಮಾ’ ಎನ್ನತೊಡಗಿದರು. ಅವರ ಗಟ್ಟಿ ಮಾತು, ನಗು, ಗಣಿಯ ಕಥೆಗಳೆಲ್ಲ ತಮ್ಮನ ಪಾಲಾದವು. ನಾನು ಅಡುಗೆಮನೆಯಲ್ಲಿರುವಾಗ ಹಜಾರದಿಂದ ಕೇಳಿಸುತ್ತಿದ್ದ ಕಥೆ, ನಾನು ಹೊರಗೆ ಬಂದೊಡನೆ ನಿಂತುಹೋಗುತ್ತಿತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ ಹೀಗೆಯೇ ಒಳಗಿನಿಂದ ಕೇಳಿಸಿತು. ತಮ್ಮ ತನ್ನ ಮೊಬೈಲಿನಲ್ಲಿ ಬೆಂಗಳೂರಿನ ಮನರಂಜನಾ ಪಾರ್ಕೊಂದರ ವೀಡಿಯೊ ತೋರಿಸುತ್ತಿದ್ದ. ಎತ್ತರದ ಕಂಬದ ಸುತ್ತ ಜನರನ್ನು ಕೂರಿಸಿ, ತುದಿಗೆ ಏರಿಸಿ, ಒಮ್ಮೆಗೇ ಕೆಳಕ್ಕೆ ಬಿಡುವ ಆಟ.

‘ಲೇ, ಇದು ಕೇಜ್ನಾಗೆ ಇಳ್ದಂಗೇ ಐತಲ್ಲೋ,’ ಎಂದರು ಅಪ್ಪ. ಕೇಜು ಎಂದರೆ ಕಾರ್ಮಿಕರನ್ನು ಗಣಿಯೊಳಕ್ಕೆ ಇಳಿಸುತ್ತಿದ್ದ ಕಬ್ಬಿಣದ ತೊಟ್ಟಿಲು. ‘ಒಂದ್ಸಾರಿ ಕುಂತು ನೋಡ್ಬೇಕು ಕಣ್ಲಾ.’

ನಾನು ಹೊರಗೆ ಬಂದು, ‘ಹೋಗೋಣವೇ ಅಪ್ಪಾ?’ ಎಂದೆ.

‘ಏನಿಲ್ಲಮ್ಮಾ, ಸುಮ್ನೆ ಅಂದೆ,’ ಎಂದು ಅವರು ನೇರವಾಗಿ ಕುಳಿತರು.

ಆ ಕ್ಷಣದಲ್ಲಿ ನನ್ನೊಳಗೆ ಒಂದು ಆಸೆ ಹುಟ್ಟಿತು. ಆ ಕಂಬದ ಮೇಲೆ ಅಪ್ಪನ ಪಕ್ಕದ ಆಸನದಲ್ಲಿ ನಾನು ಕೂರಬೇಕು. ಕೆಳಕ್ಕೆ ಬೀಳುವಾಗ ಯಾರಿಗೂ ‘ಹ’ಕಾರದ ನೆನಪಿರುವುದಿಲ್ಲ. ಬಿದ್ದ ಮೇಲೆ, ನಗು ಇನ್ನೂ ನಿಲ್ಲದಿರುವಾಗ, ಅಪ್ಪ ಕೇಜಿನ ಕಥೆಯನ್ನು ನನಗೂ ಹೇಳಿಯೇ ಹೇಳುತ್ತಾರೆ ಎಂದುಕೊಂಡೆ.

ರಜೆಯ ದಿನಗಳಲ್ಲಿ ಆ ಪಾರ್ಕಿನಲ್ಲಿ ಒಂದೊಂದು ಆಟಕ್ಕೂ ಗಂಟೆಗಟ್ಟಲೆ ಕಾಯಬೇಕೆಂದು ಓದಿದ್ದೆ. ಮುಂಚಿತವಾಗಿ ಸಮಯ ಕಾಯ್ದಿರಿಸುವ ಪಾಸು ಕೊಂಡರೆ ಬೇರೆಯ ಸಾಲಿನಲ್ಲಿ ಬೇಗ ಹೋಗಬಹುದು. ನಾನು ನಾಲ್ವರಿಗೂ ಪಾಸು ಕಾಯ್ದಿರಿಸಿದೆ. ಕಂಬದ ಆಟಕ್ಕೆ ಹನ್ನೆರಡು ಹತ್ತರಿಂದ ಹನ್ನೆರಡೂವರೆ; ತಡವಾದರೆ ಪಾಸು ರದ್ದು. ಒಂದು ಹಾಳೆಯಲ್ಲಿ ಎಲ್ಲ ಆಟಗಳ ಸಮಯವನ್ನು ಬರೆದು, ಕಾಲೇಜಿನ ವೇಳಾಪಟ್ಟಿಯಂತೆ ಗೆರೆ ಎಳೆದು, ನಾಲ್ಕಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ.

ಪಾರ್ಕಿನಲ್ಲಿ ನಾಲ್ವರ ಮಣಿಕಟ್ಟಿಗೂ ಹಳದಿ ಕಾಗದದ ಪಟ್ಟಿ ಅಂಟಿಸಿದರು. ಅಮ್ಮ ಅದನ್ನು ಬಳೆಗಳ ನಡುವೆ ಸರಿಸಿಕೊಂಡು, ‘ಆಸ್ಪತ್ರೇಲಿ ಕಟ್ತಾರಲ್ಲ, ಅಂಗೈತೆ,’ ಎಂದರು. ಜನ ಕಿಕ್ಕಿರಿದಿದ್ದರು. ಅಮ್ಮನಿಗೆ ನೆರಳು ಕಂಡಲ್ಲಿ ಕೂರುವ ಆಸೆ; ತಮ್ಮನಿಗೆ ನೀರಿನ ಕಡೆಗೆ ಹೋಗುವ ಆಸೆ. ನಾನು ಕೈಗಡಿಯಾರವನ್ನು ನೋಡುತ್ತ ಎಲ್ಲರನ್ನೂ ಅವಸರಪಡಿಸುತ್ತಿದ್ದೆ.

‘ಅಕ್ಕ ಬೆಲ್ ಒಡೆದ್ರೆ ಪಿರಿಯಡ್ಡು ಮುಗೀತದೆ, ನಡಿಯಮ್ಮ,’ ಎಂದ ತಮ್ಮ. ಅಮ್ಮ ಮುಖ ತಿರುಗಿಸಿ ನಕ್ಕರು.

ಕಂಬದ ಬಳಿ ಎರಡು ಸಾಲುಗಳಿದ್ದವು. ಸಾಮಾನ್ಯ ಸಾಲು ಹಾವಿನಂತೆ ಸುತ್ತಿಕೊಂಡು ಹಿಂದಿನ ಐಸ್‌ಕ್ರೀಂ ಅಂಗಡಿಯವರೆಗೂ ಹೋಗಿತ್ತು. ಪಾಸಿನ ಸಾಲು ಅದರ ಮಗ್ಗುಲಲ್ಲೇ ನೆಟ್ಟಗೆ, ಹೆಚ್ಚುಕಡಿಮೆ ಖಾಲಿಯಾಗಿತ್ತು. ನಡುವೆ ಆ ಪ್ಲಾಸ್ಟಿಕ್ ಸರಪಳಿ. ಬಾಗಿಲಲ್ಲಿ ನಿಂತಿದ್ದ ನೀಲಿ ಸಮವಸ್ತ್ರದ ಹೆಣ್ಣುಮಗಳು ಅಪ್ಪನನ್ನು, ‘ಸರ್, ಯಾವ ಲೈನು?’ ಎಂದು ಕೇಳಿದಳು.

‘ನಂದಿದುರ್ಗಮ್ಮಾ,’ ಎಂದರು ಅಪ್ಪ.

ಆಕೆಗೆ ಅರ್ಥವಾಗಲಿಲ್ಲ. ‘ಅಲ್ಲ ಸರ್, ಪಾಸ್ ಲೈನಾ, ನಾರ್ಮಲ್ ಲೈನಾ?’

ನನ್ನ ಕಿವಿಗಳು ಬಿಸಿಯಾದವು. ‘ನಮ್ಮದು ಪಾಸಿದೆ, ನಾಲ್ಕು ಜನ,’ ಎಂದು ನಾನು ಮುಂದೆ ಬಂದೆ. ಅಷ್ಟರಲ್ಲಿ ಸಾಮಾನ್ಯ ಸಾಲಿನಿಂದ ಒಬ್ಬರು ತಲೆಯೆತ್ತಿ ನೋಡಿದರು. ಅಪ್ಪನ ವಯಸ್ಸಿನವರೇ, ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡಿದ್ದರು.

‘ಅಣ್ಣೇ, ನಂದಿದುರ್ಗಮಾ ನೀಂಗ?’ ಎಂದು ತಮಿಳಿನಲ್ಲಿ ಕೇಳಿದರು. ‘ನಾಂಗ ಕೋರಮಂಡಲ್.’ ಅದೂ ಕೆ.ಜಿ.ಎಫ್‌ನ ಒಂದು ಲೈನು.

ಅಪ್ಪನ ಮುಖದಲ್ಲಿ ಅಂತಹ ಬೆಳಕನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ‘ಕೋರಮಂಡಲ್ಲಾ? ಅಲ್ಲಿ ಎಲ್ಲಿ? ನೀರಿನ ಟ್ಯಾಂಕ್ ತಾವ್ಲಾ, ಸ್ಕೂಲ್ ತಾವ್ಲಾ?’

‘ಟ್ಯಾಂಕ್ ಪಕ್ಕಾನೇ.’ ಅವರೂ ಕನ್ನಡಕ್ಕೆ ಹೊರಳಿದರು.

‘ಅಂಗಾರೆ ಸಾವ್ಕಾರ್ರು ಬಿಡಣ್ಣ ನೀವು. ನಮ್ಮ ಎಂಗಸ್ರು ಬಿಂದಿಗೆ ಇಟ್ಕಂಡು ಸಾಯ್ತಿದ್ರು.’

‘ಅದಕ್ಕೇ ನಮ್ಮ ಕಡೆಯಿಂದ ನಿಮ್ಮ ಕಡೆಗೆ ಎಣ್ಣು ಕೊಡ್ತಿರ್ಲಿಲ್ಲ,’ ಎಂದರು ಅವರು. ಮುಂದೆ ನಿಂತಿದ್ದ ಅಪರಿಚಿತರೂ ನಕ್ಕರು.

ಅಪ್ಪ ಸರಪಳಿಯನ್ನು ದಾಟಿದ್ದು ಯಾವಾಗ ಎಂದು ನಾನು ಗಮನಿಸಲಿಲ್ಲ. ನೋಡಿದಾಗ ಅವರು ಆಚೆ ಬದಿಯಲ್ಲಿ, ಕೋರಮಂಡಲ್‌ನವರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಹಿಂದಿನವರು ಆಕ್ಷೇಪಿಸಬಹುದೆಂದು ನಾನು ಹೆದರಿದೆ. ಯಾರೂ ಏನೂ ಅನ್ನಲಿಲ್ಲ.

‘ಅಪ್ಪಾ, ಸಮಯವಾಗುತ್ತಿದೆ,’ ಎಂದೆ.

ಅಪ್ಪ ನನ್ನ ಕಡೆಗೆ ತಿರುಗಿದರು. ಅವರ ಸ್ವರ ಸಣ್ಣದಾಯಿತು. ‘ಹಿವರು ಒಬ್ಬರೇ ಇದ್ದಾರಮ್ಮಾ. ಸ್ವಲ್ಪ ಮಾತಾಡಿ ಬರ್ತೀನಿ.’

ಅಮ್ಮನೂ ಅತ್ತ ಸರಿದರು. ಕೋರಮಂಡಲ್‌ನವರ ಮನೆಯವರು ಮೊಮ್ಮಕ್ಕಳನ್ನು ನೀರಿನ ಕಡೆಗೆ ಕರೆದೊಯ್ದಿದ್ದರಂತೆ. ಅವರ ಹೆಂಡತಿಯ ತವರು ಅಮ್ಮನ ತವರಿನ ಪಕ್ಕದ ಹಳ್ಳಿಯಂತೆ. ತಮ್ಮ ಸರಪಳಿಯ ಮೇಲೆ ಕಾಲೆತ್ತಿ ಹಾಕುತ್ತ, ‘ಅಕ್ಕಾ, ನೀನು ಓಗಿರು, ನಾವು ಇಂಗೇ ಬತ್ತೀವಿ,’ ಎಂದ.

ಬಾಗಿಲಿನ ಹೆಣ್ಣುಮಗಳು ನನ್ನ ಪಟ್ಟಿಗೆ ಯಂತ್ರ ಹಿಡಿದಾಗಿತ್ತು. ‘ಮೇಡಂ, ಈಗ ಒಳಗೆ ಹೋದರೆ ಸರಿ. ಆಮೇಲೆ ಬಿಡಲ್ಲ,’ ಎಂದಳು. ನಾನು ನಾಲ್ಕು ಹೆಜ್ಜೆ ಒಳಗೆ ಹೋಗಿ ನಿಂತೆ. ನನ್ನ ಮುಂದೆ ಏಳೆಂಟು ಜನರಿದ್ದರು. ಸರಪಳಿಯಾಚೆ, ನನ್ನಿಂದ ಎರಡು ಮೊಳದ ದೂರದಲ್ಲಿ, ಅಪ್ಪ ನನಗೆ ಬೆನ್ನು ಮಾಡಿ ನಿಂತಿದ್ದರು.

‘ಆವಾಗ ಇಳಿಯಾಕೆ ಸಂಬ್ಳ ಕೊಡ್ತಿದ್ರು ಕಣಣ್ಣ,’ ಎನ್ನುತ್ತಿದ್ದರು ಅಪ್ಪ. ‘ಈಗ ನಾವೇ ಕಾಸು ಕೊಟ್ಟು ಇಳೀತಾ ಇದ್ದೀವಿ.’ ಆಮೇಲೆ, ‘ಮೊದಲ್ನೇ ದಿನ ಯೋಳ್ತೀನಿ ಕೇಳು. ಮೂರು ಸಾರಿ ಬೆಲ್ಲು ಒಡೆದ್ರು. ಆಳು ಇಳೀತವ್ರೆ ಅಂತ ಲೆಕ್ಕ. ನಂಗೇನು ಗೊತ್ತು. ಪಕ್ದಾಗಿದ್ದೋನು ಅಂದ, ಉಸ್ರು ಇಡ್ಕಬೇಡ, ಕಿವಿ ಮುಚ್ಕಂತದೆ, ಬಾಯಿ ಬಿಟ್ಕಂಡಿರು ಅಂತ. ನಾನು ಬಾಯಿ ಬಿಟ್ನಾ, ಅಷ್ಟ್ರಲ್ಲಿ...’

‘ಮುಂದೆ ಬನ್ನಿ ಮೇಡಂ,’ ಎಂದರು ಆಟ ನಡೆಸುವವರು.

ನನ್ನ ಸಾಲು ಸರಿದಿತ್ತು. ಅದು ಬೇಗ ಸರಿಯಲೆಂದೇ ನಾನು ಪಾಸು ಕೊಂಡಿದ್ದೆ. ಆ ಸರಪಳಿಯನ್ನು ನಾನೂ ದಾಟಬಹುದಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸೀರೆಯನ್ನು ತುಸು ಎತ್ತಿ ಹಿಡಿದಿದ್ದರೆ ಸಾಕಾಗಿತ್ತು. ಆದರೆ ನಾನು ಆಚೆ ಹೋಗಿ ನಿಂತರೆ ಕಥೆ ಅಲ್ಲಿಗೇ ನಿಲ್ಲುತ್ತದೆ ಎಂಬ ಭಯವಿತ್ತು. ಜೊತೆಗೆ, ಒಂದು ಸಾಲಿನಲ್ಲಿ ನಿಲ್ಲಿಸಿದರೆ ಆ ಸಾಲಿನಲ್ಲಿಯೇ ನಿಲ್ಲುವುದು ನನ್ನ ಅಭ್ಯಾಸ, ಓದಿದ್ದೂ ಹಾಗೆಯೇ.

ನಾಲ್ಕು ಆಸನಗಳ ಒಂದು ಬದಿಯಲ್ಲಿ ನನ್ನನ್ನು ಕೂರಿಸಿದರು. ಬಲಗಡೆ ಯಾರೋ ಹಿಂದಿ ಮಾತನಾಡುವ ಗೆಳತಿಯರಿಬ್ಬರು. ನನ್ನ ಎಡಗಡೆಯ ಆಸನ ಖಾಲಿ. ಅದರ ಕಬ್ಬಿಣದ ಅಡ್ಡಪಟ್ಟಿಯನ್ನೂ ಇಳಿಸಿ ಬೀಗ ಹಾಕಿದರು. ಆಸನಗಳು ಮೇಲೇರುವಾಗ ಕೆಳಗೆ ಸಾಮಾನ್ಯ ಸಾಲಿನ ಸುರುಳಿಗಳು ಕಂಡವು. ಅಪ್ಪನ ನರೆತ ತಲೆಯನ್ನು ಗುರುತಿಸಿದೆ. ಎರಡೂ ಕೈ ಎತ್ತಿ ಏನನ್ನೋ ತೋರಿಸುತ್ತಿದ್ದರು. ತುದಿಯಲ್ಲಿ ಒಂದು ಕ್ಷಣ ಎಲ್ಲವೂ ನಿಂತಿತು. ಬಾಯಿ ಬಿಟ್ಟುಕೊಂಡಿರಬೇಕು ಎಂಬುದು ನೆನಪಾಗಿ, ಬಿಟ್ಟೆ. ನನ್ನಿಂದ ಯಾವ ಸದ್ದೂ ಹೊರಡಲಿಲ್ಲ. ಕೆಳಗೆ ಬಂದಾಗ ಕಿವಿ ಮುಚ್ಚಿರಲಿಲ್ಲ.

ಹೊರಬರುವ ದಾರಿಯ ಸಿಮೆಂಟ್ ಬೆಂಚಿನ ಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಕುಳಿತೆ. ಉಳಿದ ಆಟಗಳ ಸಮಯಗಳು ಒಂದೊಂದಾಗಿ ಮೀರುತ್ತಿದ್ದವು. ಮೊಬೈಲು ಪ್ರತಿಯೊಂದನ್ನೂ ಮುಂಚಿತವಾಗಿ ನೆನಪಿಸುತ್ತಿತ್ತು. ಕೊನೆಗೆ ಕಂಬದ ಮೇಲೆ ಅವರು ಕಂಡರು. ಅಪ್ಪನ ಪಕ್ಕದಲ್ಲಿ ಕೋರಮಂಡಲ್‌ನವರು, ಆಚೆ ತಮ್ಮ, ಅದರಾಚೆ ಕಣ್ಣು ಮುಚ್ಚಿಕೊಂಡ ಅಮ್ಮ. ಚಪ್ಪಲಿ ಬಿಚ್ಚಿದ ಎಂಟು ಪಾದಗಳು ಗಾಳಿಯಲ್ಲಿ ತೂಗುತ್ತಿದ್ದವು. ಬೀಳುವಾಗ ಎಲ್ಲರೂ ಕೂಗಿದರು. ಅದರಲ್ಲಿ ಅಪ್ಪನ ದನಿ ಯಾವುದೆಂದು ತಿಳಿಯಲಿಲ್ಲ.

‘ಕೇಜೇ ವಾಸಿ ಕಣಣ್ಣ,’ ಎಂದು ನಗುತ್ತ ಬಂದರು ಅಪ್ಪ. ‘ಅದರಾಗೆ ಬಿದ್ರೂ ಕೆಲಸ ಅಂತ ಇರ್ತಿತ್ತು. ಇದ್ರಾಗೆ ಬಿದ್ದು ಎದ್ದು ಬರೋದೇಯ.’ ಕೋರಮಂಡಲ್‌ನವರು ಕೈಮುಗಿದು ಮೊಮ್ಮಕ್ಕಳನ್ನು ಹುಡುಕಿಕೊಂಡು ಹೊರಟರು. ಆಗ ಅಪ್ಪ ನನ್ನನ್ನು ನೋಡಿದರು. ನಗುವನ್ನು ಒಳಗೆ ಎಳೆದುಕೊಂಡು, ಅಂಗಿಯನ್ನು ಸರಿಪಡಿಸಿಕೊಂಡು, ‘ಹೂಟ ಆಯ್ತೇನಮ್ಮಾ?’ ಎಂದರು.

ಬೆಂಚಿನ ಮೇಲೆ ಕುಳಿತಿದ್ದಷ್ಟು ಹೊತ್ತೂ ನಾನು ಒಂದು ಮಾತನ್ನು ಸಿದ್ಧಪಡಿಸಿಕೊಂಡಿದ್ದೆ.

‘ಇಲ್ಲಪ್ಪಾ. ಒಟ್ಟೆ ಅಸಿತಾ ಐತೆ. ಓಗಾಣ,’ ಎಂದೆ.

ಆ ಮಾತು ನನ್ನ ಬಾಯಿಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿದಂತೆ ಕೇಳಿಸಿತು. ಅಮ್ಮ ಹತ್ತಿರ ಬಂದು ನನ್ನ ಹಣೆಯನ್ನು ಮುಟ್ಟಿ ನೋಡಿದರು. ‘ಯಾಕಮ್ಮಾ, ಉಸಾರಿಲ್ವಾ?’

‘ಮೇಲಿಂದ ಬಿದ್ದು ಅಕ್ಕಂಗೆ ಕನ್ನಡ ಮರ್ತೋಗೈತೆ,’ ಎಂದ ತಮ್ಮ. ಅಮ್ಮ ಅವನಿಗೆ ಗದರಿದರು. ಅಪ್ಪ ನಗಲಿಲ್ಲ. ‘ಹೋಗೋಣ ಬಾಮ್ಮಾ,’ ಎಂದು, ಒಂದು ಅಕ್ಷರವೂ ತಪ್ಪದಂತೆ ಹೇಳಿ ಮುಂದೆ ನಡೆದರು.

ಸಂಜೆಯ ರೈಲಿನಲ್ಲಿ ನನಗೆ ಅಪ್ಪನ ಪಕ್ಕದಲ್ಲೇ ಜಾಗ ಸಿಕ್ಕಿತು. ಅಮ್ಮ ಕಿಟಕಿಗೆ ಒರಗಿ ತೂಕಡಿಸುತ್ತಿದ್ದರು. ಎದುರಿನ ಸೀಟಿನಲ್ಲಿ ತಮ್ಮ ಮೊಬೈಲು ನೋಡುತ್ತಿದ್ದ. ಮಾಲೂರು ದಾಟಿದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ.

‘ಅಪ್ಪಾ, ಮೊದಲ ದಿನ ಕೇಜಿನಲ್ಲಿ ಬಾಯಿ ಬಿಟ್ಟಿರಲ್ಲ, ಆಮೇಲೆ ಏನಾಯಿತು?’

ಅಪ್ಪ ನನ್ನತ್ತ ನೋಡಿದರು. ನಾನು ಕೇಳಿಸಿಕೊಂಡಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡಿ ಪಕ್ಕಕ್ಕಿಡುತ್ತಿರುವಂತೆ ತುಟಿಗಳು ಅಲುಗಿದವು.

‘ಏನಿಲ್ಲಮ್ಮಾ,’ ಎಂದರು. ‘ಕೆಳಗೆ ಹಿಳಿದೆವು.’

ನಾನು ತಲೆಯಾಡಿಸಿದೆ. ತಿದ್ದಲಿಲ್ಲ.

ಬಂಗಾರಪೇಟೆಯಲ್ಲಿ ನಾನು ಇಳಿದುಕೊಂಡೆ. ಅವರು ಅದೇ ಗಾಡಿಯಲ್ಲಿ ಕೆ.ಜಿ.ಎಫ್‌ಗೆ ಮುಂದುವರಿಯುವವರಿದ್ದರು. ಗಾಡಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಹಾ ಮಾರುವವರ ಕೂಗಿನ ನಡುವೆ ಪ್ಲಾಟ್‌ಫಾರಂ ಮೇಲೆ ನಿಂತು ಕಿಟಕಿಯನ್ನು ನೋಡಿದೆ. ನಾನು ಖಾಲಿ ಮಾಡಿದ ಜಾಗಕ್ಕೆ ತಮ್ಮ ಬಂದು ಕುಳಿತಿದ್ದ. ಅಪ್ಪ ಅವನ ಕಡೆಗೆ ತಿರುಗಿ, ಬಾಯಿಯನ್ನು ಅಗಲವಾಗಿ ತೆರೆದು, ಎರಡೂ ಕೈಗಳನ್ನು ಕಿವಿಯ ಬಳಿಗೆ ಒಯ್ದು ಏನನ್ನೋ ಅಭಿನಯಿಸುತ್ತಿದ್ದರು. ಎಚ್ಚರಗೊಂಡ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಕಿಟಕಿಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ಆಮೇಲೆ, ಅವರ ಕಣ್ಣಿಗೆ ಬೀಳಬಾರದೆಂದು, ಕಂಬದ ಮರೆಗೆ ಸರಿದು ಗಾಡಿ ಹೊರಡುವವರೆಗೂ ಅಲ್ಲಿಯೇ ನಿಂತೆ.