ಅರಿಶಿಣ-ಸುಣ್ಣ ಕಲಿಸಿದ ಸರ್

ಮೊನ್ನಿ ಮದುವಿ ಊಟಕ್ಕ ಹೋದಾಗ ಬಿಳಿ ಅಂಗಿ ಮ್ಯಾಲ ಪಲ್ಯದ ಎಣ್ಣಿ ಬಿತ್ತು. ಮನಿಗೆ ಬಂದು ಸಬಕಾರ ಹಚ್ಚಿದ್ನಿ ನೋಡ್ರಿ, ಹಳದಿ ಕಲಿ ಪಟ್ಟನ ಕೆಂಪಾತು. ಎಲ್ಲಾರ ಮನ್ಯಾಗೂ ಆಗೂದ ಅದು, ಅರಿಶಿಣದ ಗುಣ. ಆದ್ರ ನನಗ ನಮ್ಮ ವಿಜ್ಞಾನದ ಸರ್ ನೆನಪಾದ್ರು... ಅಂಗಿ ಬಚ್ಚಲದಾಗ ಬಿಟ್ಟು ಎದ್ದು ಬಂದ್ನಿ.

ನಾನು, ನಮ್ಮಕ್ಕ ಇಬ್ಬರೂ ಅವರ ಕೈಯಾಗ ಕಲಿತವ್ರು. ಸಾರವಾಡದಿಂದ ಬಸ್ ಹತ್ತಿ ಬಬಲೇಶ್ವರದ ಸಾಲಿಗೆ ಹೋಗತಿದ್ವಿ. ಸರ್ ಪುಸ್ತಕಕ್ಕಿಂತ ಮೊದ್ಲ ಚೀಲದಾಗಿಂದ ಸುಣ್ಣದ ಡಬ್ಬಿ, ಅರಿಶಿಣ, ಲಿಂಬಿಹಣ್ಣು ತೆಗದು ಮೇಜಿನ ಮ್ಯಾಲ ಇಡತಿದ್ರು. ಅರಿಶಿಣದ ನೀರಿಗೆ ಸುಣ್ಣ ಬಿದ್ರ ಕೆಂಪು, ಲಿಂಬಿ ಹಿಂಡಿದ್ರ ತಿರುಗಿ ಹಳದಿ. ನಾವು ಬಾಯಿ ತಕ್ಕೊಂಡು ನೋಡತಿದ್ವಿ.

ಆಗ ತಿಕೋಟಾ ಸಂತ್ಯಾಗ ಒಬ್ಬ ಬಾಬಾ ಕುಂಡರತಿದ್ದ. ತಂಬಿಗಿ ನೀರು ರಕ್ತ ಮಾಡಿ, ನಿಮ್ಮ ಮನಿಗೆ ಮಾಟ ಮಾಡಸ್ಯಾರ ಅಂತ ಮಂದೀನ ಅಂಜಸತಿದ್ದ. ಸರ್ ನಮ್ಮನ್ನೆಲ್ಲಾ ಕರಕೊಂಡು ಹೋಗಿ ಅವನ ಮಗ್ಗಲಕ ಅರಿಶಿಣ ನೀರಿನ ತಂಬಿಗಿ ಇಟ್ರು. ಸುಣ್ಣ ಹಾಕಿದಾಕಿ ನಮ್ಮಕ್ಕ. ಮಂದಿ ಹೋ ಅಂತ ನಕ್ಕಿದ್ಕ ಬಾಬಾ ಗಂಟು ಕಟಗೊಂಡು ಓಡಿದ. ಅವತ್ತ ಸರ್ ನಮಗ ಅಂದಿದ್ರು: "ಯಾರ ಹೇಳಿದ್ರೂ ನಂಬಬ್ಯಾಡ್ರಿ. ನಾ ಹೇಳಿದ್ರೂ ನಂಬಬ್ಯಾಡ್ರಿ. ಮಾಡಿ ನೋಡ್ರಿ."

ಆ ಸಂತಿ ಸುದ್ದಿ ಹಬ್ಬಿ ಮೊದ್ಲ ಊರಿನ ಕೇಬಲ್ ಟಿವಿಯವ್ರು ಕರದ್ರು, ಆಮ್ಯಾಲ ದೊಡ್ಡ ಚಾನೆಲ್ಲಿನವ್ರು. ಸರ್ ವಾರಕ್ಕೊಬ್ಬ ಬಾಬಾನ ಬಣ್ಣ ಬಯಲ ಮಾಡತಿದ್ರು. ನಮ್ಮ ಸರ್ ಅಂತ ಹೇಳಕೊಂಡು ನಾವ ಎಷ್ಟ ಮೆರದ್ವಿ! ಅವರು ಸಾಲಿ ನೌಕರಿ ಬಿಟ್ರು, ಕೂದಲಿಗೆ ಬಣ್ಣ ಬಂತು, ರೇಷ್ಮಿ ಜುಬ್ಬಾ ಬಂತು. ಯಾವಾಗ ತಿರುಗಿದ್ರೋ... ನನಗಂತೂ ಗೊತ್ತಾಗಲಿಲ್ಲ.

ಒಂದಿನ ಮುಂಜಾನೆ ಚಾ ಕುಡಿಯುವಾಗ ನೋಡತೀನಿ, ಟಿವ್ಯಾಗ ಅದ ಸರ್, ಕೈಯಾಗ ಕೆಂಪು ನೀರಿನ ಗ್ಲಾಸು. ಇದು ಸಕ್ಕರಿ ಬ್ಯಾನಿಯವರ ಮೈಯಾಗಿನ ವಿಷ ಅಂದ್ರು. ತಮ್ಮ ಹೆಸರಿನ ಒಂದು ಪುಡಿ ಉದುರಿಸಿದ್ರು. ನೀರು ಹಳದಿ ಆತು. ವಿಷ ಹೋತು, ಇದ ವಿಜ್ಞಾನ ಅಂದ್ರು. ಥೂ! ಬೇಲೀನ ಎದ್ದು ಹೊಲ ಮೇದಂಗಾತು.

ಅಕ್ಕನ್ನ ಕನಮಡಿಗೆ ಕೊಟ್ಟಿತ್ತು. ಆಕಿಗೂ ಸಕ್ಕರಿ, ದಿನಾ ಇನ್ಸುಲಿನ್. ಮರದಿನ ಫೋನ್ ಮಾಡಿದ್ಲು, ಸರ್ ಪುಡಿ ತರಸೀನಿ, ಇನ್ನ ಸೂಜಿ ಚುಚ್ಚಿಸಿಕೊಳ್ಳೂದು ಬಿಡತೀನಿ ಅಂತ. ಅಕ್ಕಾ, ಅದು ಅರಿಶಿಣ-ಸುಣ್ಣ, ಸಂತ್ಯಾಗ ನೀನ ಮಾಡಿದ್ದಿ ಅಲ್ಲೇನು ಅಂದ್ನಿ.

"ನನಗ ತಿಳೀದೇನೋ ತಮ್ಮಾ? ಮಂದಿಗೆ ತೋರಸಾಕ ಹಂಗ ಮಾಡಿರಬೇಕು. ಪುಡಿ ಖರೇನ ಇರತೈತಿ. ಸರ್ ನಮಗ ಸುಳ್ಳ ಹೇಳತಾರೇನು?"

ನಾ ಜಗಳಾಡಬೇಕಿತ್ತು, ಆಡಲಿಲ್ಲ. ಬಸ್ ಹತ್ತಿ ಹೋಗಿ ಆ ಪುಡಿ ತಿಪ್ಪಿಗೆ ಒಗೀಬೇಕಿತ್ತು, ಹೋಗಲಿಲ್ಲ. ನನಗೂ ಒಳಗ ಎಲ್ಲೋ, ಸರ್ ಹಂಗ ಮಾಡಲಿಕ್ಕಿಲ್ಲ ಅಂತಿತ್ತು. ನಾಕ ತಿಂಗಳಕ್ಕ ಅಕ್ಕನ ಕಾಲಬೆರಳು ಕಪ್ಪಾದ್ವು. ವಿಜಯಪುರದ ದವಾಖಾನ್ಯಾಗ ಮೊದ್ಲ ಬೆರಳು ತೆಗದ್ರು, ಆಮ್ಯಾಲ ಮಣಕಾಲ ಮಟ ಕಾಲು.

ಅದ ಊರಾಗ ಒಂದ ಕಲ್ಯಾಣ ಮಂಟಪದಾಗ ಸರ್ ಕಾರ್ಯಕ್ರಮ ಇತ್ತು. ಫೋಟೋ ತಗಸಿಕೊಳ್ಳವರ ಪಾಳೇದಾಗ ತಾಸುಗಟ್ಟಲೆ ನಿಂತ್ನಿ. ಎಲ್ಲಾ ಹೇಳಿದ್ನಿ. ಅಕ್ಕನ ಹೆಸರು ತೆಗದ ಕೂಡಲೇ ಅವರಿಗೆ ನೆನಪಾತು, ಸಂತ್ಯಾಗ ಸುಣ್ಣ ಹಾಕಿದಾಕಿ ಅಲ್ಲೇನು ಅಂದ್ರು. ಒಂದ ಗಳಿಗಿ ಕಣ್ಣು ಕೆಳಗ ಹಾಕಿದ್ರು. ನಾ, ಹುಚ್ಚಪ್ಯಾಲಿ, ಅಳತಾರ ಅನಕೊಂಡ್ನಿ.

"ಇನ್ಸುಲಿನ್ ಬಿಡ್ರಿ ಅಂತ ನಾ ಎಲ್ಲೂ ಅಂದಿಲ್ಲಪಾ," ಅಂದ್ರು. "ಶಾಣ್ಯಾ ಹುಡುಗಿ ಇದ್ಲು. ಆಕಿಗೆ ತಿಳೀಬೇಕಿತ್ತು."

ಅಷ್ಟಂದು ಎರಡು ಡಬ್ಬಿ ಪುಡಿ ನನ್ನ ಕೈಯಾಗ ಇಟ್ಟು, ಹಿಂದಿನವರ ಜೋಡಿ ಫೋಟೋಕ್ಕ ನಕ್ಕೋತ ನಿಂತ್ರು. ಡಬ್ಬಿ ಅಲ್ಲೇ ಗಟಾರಕ್ಕ ಒಗದ್ನಿ. ಆ ನಗಿ ಮಾತ್ರ ಇನ್ನೂ ಕಣ್ಣಾಗಿಂದ ಹೋಗವಲ್ದು.

ನಿನ್ನಿ ಕನಮಡಿಗೆ ಹೋಗಿದ್ನಿ. ಅಕ್ಕ ಹೊರಸಿನ ಮ್ಯಾಲ ಕುಂತು ಬಳ್ಳೊಳ್ಳಿ ಸುಲಿಯಾಕತ್ತಿದ್ಲು. ಇಷ್ಟ ದಿನ ಕೇಳದಾಕಿ ನಿನ್ನಿ ಕೇಳಿದ್ಲು, ಸರ್‌ಗ ನನ್ನ ನೆನಪೈತೇನೋ ಅಂತ.

ಇಲ್ಲಕ್ಕಾ, ಮರತಾರ ಅಂದ್ನಿ.

ಇನ್ನೊಂದು ಬಳ್ಳೊಳ್ಳಿ ಕೈಗೆ ತಗೊಂಡ್ಲು. "ಇರಲಿ ಬಿಡು," ಅಂದ್ಲು. "ಎಷ್ಟ ಮಂದಿಗೆ ಕಲಿಸ್ಯಾರ, ಪಾಪ."

ಪಾಪ ಅಂದ್ಲು ನೋಡ್ರಿ. ಅಂಥಾವಗ.