ನಾನು ಮಾಡದ ಫೋನು

ಅಂದು ಸಂಜೆ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದೆ. ಪಕ್ಕದ ಮನೆಯ ಫಾತಿಮಾ ಬಾಗಿಲಿಗೆ ಬಂದು, "ಅಕ್ಕಾ, ಹಡಗಲಿಯಿಂದ ಅಣ್ಣಾರ ಫೋನು ನಮ್ಮನಿಗೆ ಬಂದೈತಿ, ಲಗೂ ಬಾ" ಎಂದಳು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಪೈಪಿಗೆ ನೆಲ ಅಗೆದವರು ಹಿಂದಿನ ದಿನವೇ ನಮ್ಮ ಫೋನಿನ ತಂತಿ ಕಡಿದುಹಾಕಿದ್ದರು. ಅವಳ ಮನೆಯದು ಉಳಿದಿತ್ತು. ಅದೇ ದೇವರ ದಯೆ.

ನಿಜ ಹೇಳುತ್ತೇನೆ. ದೇವರನ್ನು ನಂಬುವವಳಾದರೂ, ಕಾಣದ ದನಿ ಕೇಳಿತು ಎನ್ನುವವರ ಮಾತಿಗೆ ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಫಾತಿಮಾ ಅಣ್ಣಾರು ಎಂದ ನಮ್ಮವರು ಹಡಗಲಿಯ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ಶನಿವಾರಕ್ಕೊಮ್ಮೆ ಮನೆಗೆ ಬರುವರು. ನಮಗೆ ಮಕ್ಕಳಿಲ್ಲ. ಉಳಿದ ದಿನ ನನ್ನ ಮಾತೆಲ್ಲ ದೇವರ ಮನೆಯಲ್ಲೇ. ಯಾವ ರೋಗಿಗೆ ಯಾವ ಔಷಧ ಆಗದು ಎಂಬುದೆಲ್ಲ ಆ ಕಂಪ್ಯೂಟರಿನಲ್ಲಿತ್ತು. ಒಂದು ಕೆಟ್ಟರೆ ಇನ್ನೊಂದು ನಡೆಸಲಿ ಎಂದು ಸರ್ವರ್ ಎರಡು ಇಟ್ಟಿದ್ದರು. ಆದರೆ ಎರಡಕ್ಕೂ ಸೇರಿ, ಮಾಹಿತಿ ತುಂಬಿಡುವ ಡಿಸ್ಕಿನ ಪೆಟ್ಟಿಗೆ ಒಂದೇ. ಅದರೊಳಗೆ ಡಿಸ್ಕುಗಳು ಜೋಡಿ ಜೋಡಿ, ಅವನ್ನು ನಡೆಸುವ ಕಾರ್ಡು ಮಾತ್ರ ಒಂಟಿ. ಇನ್ನೊಂದು ಕೊಡಿಸಿರೆಂದು ಇವರು ಕೇಳುತ್ತಲೇ ಇದ್ದರು. ಏನಾದರೂ ಆದರೆ ಹೊಣೆ ಇವರದೇ.

ನಮ್ಮಲ್ಲಿ ಒಂಟಿ ಬತ್ತಿ ಹಚ್ಚುವುದಿಲ್ಲ, ಎರಡು ಸೇರಿಸಿಯೇ ಹಚ್ಚುವುದು. ಅಂದೇ ಮಧ್ಯಾಹ್ನ ದೀಪದ ಮುಂದೆ ಕುಳಿತಾಗ ಇವರ ಪೆಟ್ಟಿಗೆ ನೆನಪಾಯಿತು. "ಎರಡು ಬತ್ತಿ ಇದ್ರೇನು, ಪಣತಿ ಒಂದ ಐತಲ್ಲಪ್ಪಾ. ಅದು ಒಡೆದ್ರ ಎರಡೂ ಆರ್ತಾವು" ಎಂದು ದೇವರಿಗೆ ಹೇಳಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಫಾತಿಮಾಳ ಮನೆಗೆ ಹೋಗಿ ಫೋನು ಎತ್ತಿದೆ. "ನೀ ಮಧ್ಯಾಹ್ನ ಫೋನ್ ಮಾಡಿದ್ದು ಚಲೋ ಆತು ನೋಡು" ಎಂದರು ಇವರು. "ಡಿಸ್ಕಿನಾಗಿದ್ದದ್ದರ ನಕಲು ಟೇಪಿಗೆ ನಾಳಿ ತೆಗೆದ್ರಾತು ಅಂತ ಬಿಟ್ಟಿದ್ದೆ. ನಿನ್ನ ಮಾತು ಕೇಳಿ ಆಗಲೇ ತೆಗೆದಿಟ್ಟೆ. ಆಮ್ಯಾಲೆ ಕಾರ್ಡು ಸುಟ್ಟು ಡಿಸ್ಕಿನಾಗಿದ್ದದ್ದೆಲ್ಲ ಕಲಸಿಹೋತು. ಟೇಪ್ ಇರದಿದ್ರ ನನ್ನ ಕಥಿ ಮುಗೀತಿತ್ತು."

"ನಾ ಎಲ್ಲಿ ಮಾಡೀನ್ರಿ? ನಮ್ಮ ಫೋನು ಸತ್ತೈತಿ."

"ಚೇಷ್ಟಿ ಬ್ಯಾಡ. ಎರಡು ಬತ್ತಿ ಇದ್ರೇನು, ಪಣತಿ ಒಂದ ಐತಲ್ಲ ಅಂದಿ. ನಿನ್ನ ದನಿ ನನಗ ಗೊತ್ತಾಗಂಗಿಲ್ಲೇನು? ಊಟ ಆತೇನ್ರಿ ಅಂತನೂ ಕೇಳಿದಿ."

ಫೋನು ಇಟ್ಟೆ. ಮಧ್ಯಾಹ್ನ ನಿಮ್ಮ ಫೋನಿನಿಂದ ನಾನು ಮಾಡಿದ್ದೆನೇ ಎಂದು ಫಾತಿಮಾಳನ್ನು ಕೇಳಿದೆ. "ನಮ್ಮ ಫೋನಿನಾಗಂತೂ ನೀ ಮಾಡಿಲ್ಲಕ್ಕಾ. ಹಡಗಲಿಗೆ ಮಾಡಿದ್ರ ನಮ್ಮೋರು ಬಿಲ್ಲು ನೋಡಿ ನನ್ನ ಮನಿ ಬಿಡಿಸ್ತಿದ್ರು" ಎಂದು ನಕ್ಕಳು. ಅವಳು ಕರೆಯಲು ಬರುವವರೆಗೆ ಅಂದು ನಾನು ಹೊಸ್ತಿಲು ದಾಟಿರಲಿಲ್ಲ.

ಮುಂದೆ ಆಸ್ಪತ್ರೆಯವರು ಎರಡು ಕಾರ್ಡಿನ ಪೆಟ್ಟಿಗೆ ತರಿಸಿದರು. ಇವರ ಕೆಲಸ ಉಳಿಯಿತು. ನಾನು ಮಾತ್ರ ಈವರೆಗೆ ಆ ಫೋನಿಗೆ ಅರ್ಥ ಹುಡುಕಿಲ್ಲ, ಹುಡುಕಿದರೂ ಸಿಗುವಂತಿಲ್ಲ. ಅಂದು ಫಾತಿಮಾಳ ಮನೆಯಿಂದ ಮರಳಿದಾಗ ಕಾಡಿದ್ದು ಒಂದೇ: ಫೋನಿನಲ್ಲಿ ಇವರನ್ನು ಊಟ ಆಯಿತೇ ಎಂದು ಕೇಳುವುದನ್ನು ನಾನೇ ಮರೆತಿದ್ದೆ. ಮಧ್ಯಾಹ್ನ ಫೋನು ಮಾಡಿದ ಅವಳು ಯಾರೋ, ಕೇಳಿದ್ದಳು.

ಕತ್ತಲಾಗುತ್ತಿತ್ತು. ಒಲೆ ಹೊತ್ತಿಸಿ, ಒಬ್ಬಳಿಗೆ ಬೇಕಾದಷ್ಟು ರೊಟ್ಟಿಗೆ ಎಸರಿಟ್ಟೆ.