ಆಫ್ರಿಕಾದ ಬೇಟೆಗೆ ಕಟ್ಟಿದ ಚೀಲ

ನಾನು ಆಫ್ರಿಕಾಕ್ಕೆ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಓದುವವರು ಸಿಂಹ ಯಾವಾಗ ಬರುತ್ತದೆ ಎಂದು ಕಾಯುತ್ತಾ ಕೂರುತ್ತಾರೆ. ನಾನು ಹೋದದ್ದು ಯಳಂದೂರಿನಿಂದ ಹೂಗ್ಯದವರೆಗೆ, ಅದೂ ಬಸ್ಸು ಬದಲಾಯಿಸಿ ಬದಲಾಯಿಸಿ. ಚೀಲ ಕಟ್ಟಿದ್ದು ಮಾತ್ರ ಜಿಂಬಾಬ್ವೆಗೆ.

ಕೊಳ್ಳೇಗಾಲದ ಹತ್ತಿರ ಒಂದು ಕಲ್ಲಿನ ಯಾರ್ಡಿನಲ್ಲಿ ನನ್ನ ಕೆಲಸ. ಕರಿಕಲ್ಲಿನ ದಿಮ್ಮಿಯ ಮೇಲೆ ನೀರು ಸುರಿದು, ಬಿರುಕು ಎಲ್ಲಿದೆ, ಬಿಳಿ ಗೆರೆ ಎಲ್ಲಿ ಓಡಿದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಜಿಂಬಾಬ್ವೆಯಲ್ಲಿ ಕ್ವಾರಿ ಇಟ್ಟಿರುವ ಬಿಳಿಯನೊಬ್ಬ ನಮ್ಮ ಪಾಲಿಶ್ ಕೆಲಸ ನೋಡಲು ಎರಡು ಸಲ ಬಂದಿದ್ದ. ಆರಡಿಯ ಆಳು, ಕೆಂಪು ಮುಖ, ನಗು ಜಾಸ್ತಿ. ಎರಡನೆಯ ಸಲ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ತಾನು ಹೊಡೆದ ಕಾಡೆಮ್ಮೆಯ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದ. ನಾವು ಲಿಂಗ ಕಟ್ಟಿದ ಮನೆಯವರು. ಬೋನಿಗೆ ಇಲಿ ಬಿದ್ದರೂ ಕಾಲುವೆ ದಾಟಿಸಿ ಜೀವಂತ ಬಿಟ್ಟು ಬರುವವರು. ಆ ಕಾಡೆಮ್ಮೆಯ ಕೊಂಬಿನ ಎದುರು ಮೊಸರನ್ನ ಕಲಸುತ್ತಾ ಕೂತ ನನಗೆ ನಾನೇ ತೀರಾ ಚಿಕ್ಕವನಾಗಿ ಕಂಡೆ. ಹಾಗಾಗಿ ಬಾಯಿಬಿಟ್ಟೆ.

ಹೇಳಿದ್ದು ನನ್ನ ಗೆಳೆಯನ ಕತೆ. ಹೂಗ್ಯದ ರೈತ ಅವನು, ಕೊಳ್ಳೇಗಾಲದಲ್ಲಿ ಹೈಸ್ಕೂಲು ಓದುವಾಗ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಚಾಪೆಯವನು. ಕೆಲವು ವರ್ಷಗಳ ಹಿಂದೆ ಬೆಳಗಾಗುವ ಹೊತ್ತಿಗೆ ಮುಸುಕಿನ ಜೋಳದ ಹೊಲ ನೋಡಲು ಹೋದವನಿಗೆ ಒಂಟಿ ಸಲಗ ಎದುರಾಗಿತ್ತು. ಅವನು ಓಡಿದ. ಆನೆ ಬರದಿರಲೆಂದು ಕಾಡಂಚಿಗೆ ತೋಡಿದ್ದ ಕಂದಕಕ್ಕೆ ಬಿದ್ದು ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಈಗಲೂ ಆ ಕಾಲು ಎರಡು ಬೆರಳು ಗಿಡ್ಡ. ಹೋಟೆಲಿನ ಮೇಜಿನ ಮೇಲೆ ನಾನು ಈ ಕತೆಯನ್ನು ಸ್ವಲ್ಪ ರಿಪೇರಿ ಮಾಡಿದೆ. ಗೆಳೆಯನ ಜಾಗದಲ್ಲಿ ನಾನು ನಿಂತೆ. ಓಡಲಿಲ್ಲ. ಕಂಬಳಿ ಬಿಚ್ಚಿ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಸಲಗದ ಕಣ್ಣಲ್ಲಿ ಕಣ್ಣಿಟ್ಟು ಗದರಿದೆ. ಆನೆ ಹಿಂದೆ ಸರಿಯುವಾಗ ನನ್ನ ಎಡಗಾಲಿಗೆ ಒಂದು ಏಟು ಕೊಟ್ಟು ಹೋಯಿತು, ತಿಂಗಳುಗಟ್ಟಲೆ ಕುಂಟಿದೆ. ಪ್ಯಾಂಟು ಮಡಿಸಿ ಮೊಣಕಾಲಿನ ಕೆಳಗಿನ ಕಲೆಯನ್ನೂ ತೋರಿಸಿದೆ. ಅದು ಹಳೆಯ ಮೊಪೆಡ್ಡಿನಿಂದ ಬಿದ್ದಾಗ ಆದದ್ದು, ಬೆನ್ನಟ್ಟಿದ್ದು ನಾಯಿ.

ಆ ಬಿಳಿಯನು ಮೇಜು ಗುದ್ದಿ ಎದ್ದು ನಿಂತು ನನ್ನ ಕೈ ಕುಲುಕಿದ. ಎರಡು ತಿಂಗಳಲ್ಲಿ ಪತ್ರ ಬಂತು. ಅವನ ಮುಂದಿನ ಬೇಟೆಗೆ ನಾನು ಅತಿಥಿ, ಟಿಕೆಟ್ಟು ಅವನದೇ, ಬಂದೂಕು ಹಿಡಿಯಲೇಬೇಕೆಂದಿಲ್ಲ, ಅಂಥ ಗಂಡೆದೆಯ ಮನುಷ್ಯ ಜೊತೆಗಿದ್ದರೆ ಸಾಕು. ಯಾರ್ಡಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನನಗೆ ಸಿಂಹದ ಭಯವಿರಲಿಲ್ಲ. ಇದ್ದದ್ದು ಒಂದೇ ಭಯ, ಈ ಸುದ್ದಿ ಹೂಗ್ಯಕ್ಕೆ ಮುಟ್ಟಿದರೆ ಗೆಳೆಯನಿಗೆ ಯಾವ ಮುಖ ತೋರಿಸಲಿ ಎಂದು.

ಹೆಂಡತಿ ಪತ್ರದ ಸಾರಾಂಶ ಕೇಳಿ, "ಜಿರಳೆ ಕಂಡ್ರೆ ಮಂಚ ಅತ್ತೋರು ನೀವು. ನಿಮ್ಮನ್ಯಾಕ್ರಿ ಕರೀತಾನೆ ಅವ್ನು?" ಎಂದಳು. ನಾನು ವ್ಯವಹಾರದ ಸಂಬಂಧ ಎಂದು ಗಂಭೀರವಾಗಿ ಹೇಳಿದೆ.

ಪತ್ರದ ಜೊತೆ ಏನೇನು ತರಬೇಕೆಂಬ ಪಟ್ಟಿಯಿತ್ತು. ಮಣ್ಣಿನ ಬಣ್ಣದ, ಒಣಹುಲ್ಲಿನ ಬಣ್ಣದ ಬಟ್ಟೆ ಮೂರು ಜೊತೆ ಸಾಕು, ಕ್ಯಾಂಪಿನಲ್ಲಿ ದಿನಾ ಒಗೆದುಕೊಡುತ್ತಾರೆ. ಕಡುನೀಲಿ, ಕಪ್ಪು ಬೇಡ, ಅಲ್ಲಿಯ ಒಂದು ಜಾತಿಯ ನೊಣ ಆ ಬಣ್ಣಕ್ಕೇ ಬಂದು ಕಚ್ಚುತ್ತದೆ. ಮಿಲಿಟರಿಯವರ ಹಸಿರು ಚುಕ್ಕೆಯ ಬಟ್ಟೆ ಬೇಡವೇ ಬೇಡ, ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. ಗಟ್ಟಿ ಸೂಟ್‌ಕೇಸು ಸಣ್ಣ ವಿಮಾನಕ್ಕೆ ಹಿಡಿಯುವುದಿಲ್ಲ, ಮೆತ್ತನೆಯ ಚೀಲ ತರಬೇಕು. ಬೂಟು ಹೊಸದಾದರೆ ಹೊರಡುವ ಮುಂಚೆ ಕಲ್ಲುಮುಳ್ಳಿನಲ್ಲಿ ನಡೆದು ಪಳಗಿಸಿರಬೇಕು. ವಾಸನೆಯ ಸೋಪು, ಸೆಂಟು ಬೇಡ.

ನನ್ನ ಬೀರುವಿನಲ್ಲಿ ಇದ್ದದ್ದೆಲ್ಲ ಬಿಳಿ ಅಥವಾ ನೀಲಿ. ಖಾಕಿ ಬಟ್ಟೆ ತಂದು ಕೊಳ್ಳೇಗಾಲದ ಒಬ್ಬ ದರ್ಜಿಗೆ ಕೊಟ್ಟೆ. ಅವನು ಜೀವಮಾನವೆಲ್ಲ ಯೂನಿಫಾರಂ ಹೊಲಿದವನು. ಖಾಕಿ ಕಂಡರೆ ಅವನ ಕೈ ತಾನಾಗಿಯೇ ಭುಜಕ್ಕೆ ಪಟ್ಟಿ ಇಡುತ್ತದೆ, ಎದೆಗೆ ಎರಡು ಮುಚ್ಚಳದ ಜೇಬು ಇಡುತ್ತದೆ. ತೆಗೆಯಪ್ಪಾ ಎಂದರೆ, "ತೆಗುದ್ರೆ ಗತ್ತು ಓಯ್ತದ ಸಾ" ಎಂದ. ಕನ್ನಡಿಯಲ್ಲಿ ನೋಡಿಕೊಂಡೆ. ಗತ್ತು ನಿಜವಾಗಿಯೂ ಇತ್ತು. ಸುಮ್ಮನಾದೆ.

ಬೂಟು ಪಳಗಿಸುವುದು ಇನ್ನೊಂದು ಪಾಡು. ನಮ್ಮ ಮನೆಯಲ್ಲಿ ಹೊಸ್ತಿಲೊಳಗೆ ಚಪ್ಪಲಿ ತರುವಂತಿಲ್ಲ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಸುತ್ತ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ತಿರುಗಿದೆ. ಪಕ್ಕದ ಮನೆಯವರು ಯಾವ ದೇವರಿಗೆ ಹರಕೆ ಎಂದು ಕೇಳಿದರು. ನಾಲ್ಕನೆಯ ದಿನಕ್ಕೆ ಬೂಟು ಹಾಗೇ ಇತ್ತು, ಹಿಮ್ಮಡಿ ಪಳಗಿತ್ತು. ಅಂದರೆ ಬೊಬ್ಬೆ ಬಂದು ಒಡೆದಿತ್ತು.

ಅಷ್ಟರಲ್ಲಿ ಹೆಂಡತಿ ಚೀಲ ತುಂಬಿದ್ದಳು. ತೆಗೆದು ನೋಡಿದರೆ ಪ್ರತಿಯೊಂದು ಅಂಗಿ, ಪ್ರತಿಯೊಂದು ಪ್ಯಾಂಟಿನ ಮೂಲೆಯಲ್ಲಿ ಹಸಿ ಅರಿಸಿನದ ಬೊಟ್ಟು, ಒಂದು ರೂಪಾಯಿ ಅಗಲ. ಹೊಸ ಬಟ್ಟೆಗೆ ಅರಿಸಿನ ಮುಟ್ಟಿಸದೆ ಮೈಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಟೋಪಿಗೂ ಇಟ್ಟಿದ್ದಳು, ಸರಿಯಾಗಿ ಹಣೆಯ ನೇರಕ್ಕೆ. ಗುರಿಯಿಡಲು ಮೃಗಗಳಿಗೆ ಬಂದೂಕು ಇಲ್ಲವಲ್ಲ ಎಂಬುದೇ ಸಮಾಧಾನ. ಬಟ್ಟೆಗಳ ನಡುನಡುವೆ ನುಸಿಗುಳಿಗೆ, ಕರ್ಪೂರ. ತಳದಲ್ಲಿ ಚಟ್ನಿಪುಡಿ, ಹುರಿಟ್ಟು, ನಿಂಬೆಕಾಯಿ ಉಪ್ಪಿನಕಾಯಿ, ವಿಭೂತಿ ಗಟ್ಟಿ. ವಾಸನೆ ಬೇಡ ಎಂದು ಪಟ್ಟಿಯಲ್ಲಿದೆ ಎಂದರೆ, "ಉಪ್ಪಿನ್ಕಾಯಿದು ವಾಸ್ನೆ ಅಲ್ಲ, ಗಮಲು. ಕಾಡ್ಗೀಡು ಅಂತೀರಲ್ಲ, ನಿಮ್ಮ ಕಾಡಿನ ಫ್ರೆಂಡ್‌ನೇ ಕೇಳ್ಕಂಡು ಬನ್ನಿ" ಎಂದಳು. ಕಾಡಿನ ಫ್ರೆಂಡ್ ಎಂದರೆ ಹೂಗ್ಯದವನೇ.

ಬೇಡವೆನ್ನಲು ಕಾರಣ ಕೊಡಬೇಕಾಗುತ್ತಿತ್ತು. ಬಿಳಿಯನ ಹೆಸರು ಎತ್ತದೆ, ಏನು ಉಡಬೇಕು ಎಂದಷ್ಟೇ ಕೇಳಿ ಬಂದರಾಯಿತು ಎಂದುಕೊಂಡೆ. ಬೂಟಿಗೂ ಕಲ್ಲುಮುಳ್ಳಿನ ದಾರಿ ಸಿಗುತ್ತದೆ. ಒಂದು ಭಾನುವಾರ ಪೂರ್ತಿ ವೇಷ ತೊಟ್ಟು, ಚೀಲ ಹೊತ್ತು, ಟೋಪಿ ಇಟ್ಟು ಹೊರಟೆ.

ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳು ಬಂದು, ಮಾರ್ಟಳ್ಳಿ ಬಸ್ಸು ಯಾಕೆ ಬಂದಿಲ್ಲವೆಂದು ನನ್ನನ್ನೇ ದಬಾಯಿಸಿದಳು. ನಾನು ಡಿಪೋದವನಲ್ಲ ಎಂದರೆ, "ಕೇಳುದ್ರೆ ಎಲ್ರೂ ಇಂಗೇ ಅಂತೀರಿ" ಎಂದಳು. ಹೂಗ್ಯದಲ್ಲಿ ಇಳಿದ ಮೇಲೆ ಇನ್ನೂ ಚೆಂದ. ತಲೆ ಮೇಲೆ ಸೌದೆ ಹೊರೆ ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ನನ್ನನ್ನು ಕಂಡದ್ದೇ ಹೊರೆಯನ್ನು ಬೇಲಿಯಾಚೆ ಎಸೆದು ಬರಿಗೈಯಲ್ಲಿ ನನ್ನ ಪಕ್ಕದಲ್ಲೇ ಹಾದುಹೋದರು. ಒಬ್ಬಾತ ಓಡಿಬಂದು, "ಸಾ, ಆನೆ ತುಳುದ್ ಜ್ವಾಳ ನೋಡಕ್ಕೆ ಇವತ್ತಾದ್ರೂ ಬಂದ್ರಲ್ಲಾ" ಎಂದು ಕೈ ಮುಗಿದು ಹೊಲದ ಕಡೆ ಕರೆದ. ಕಾಡಂಚಿನ ಊರಿನಲ್ಲಿ ಭುಜಪಟ್ಟಿಯ ಖಾಕಿ ಎಂದರೆ ಒಂದೇ ಅರ್ಥ. ಅದು ದರ್ಜಿಗೆ ಗೊತ್ತಿತ್ತು, ನನಗೆ ಮಾತ್ರ ಹೊಳೆದಿರಲಿಲ್ಲ. ಆ ಮನುಷ್ಯನಿಗೆ ನಾನು ಫಾರೆಸ್ಟಿನವನಲ್ಲ ಎಂದು ಹೇಳುವಾಗ ಅವನ ಮುಖ ಇಳಿದದ್ದು ನೋಡಿ ನಾಚಿಕೆಯಾಯಿತು.

ಗೆಳೆಯ ಮನೆ ಮುಂದಿನ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ಜೋಳ ಬಿಡಿಸುತ್ತಿದ್ದ. ನನ್ನನ್ನು ಕಂಡು ಅವನಿಗೆ ನಗು ತಡೆಯಲಾಗಲಿಲ್ಲ.

"ಏನ್ಲಾ ಇದು, ಯಾವಾಗ ಸೇರ್ಕಂಡೆ ಡ್ಯೂಟಿಗೆ?"

ಆಫ್ರಿಕಾದ ಕಾಡು ನೋಡಲು ಹೋಗುತ್ತಿದ್ದೇನೆ, ಯಾರ್ಡಿನ ಕಡೆಯಿಂದ, ಎಂದೆ. ಅವನು ನಿಜವಾಗಿಯೂ ಸಂತೋಷಪಟ್ಟ. ಚೀಲ ಬಿಚ್ಚಿಸಿ ಒಂದೊಂದೇ ಎತ್ತಿ ನೋಡಿದ. ನುಸಿಗುಳಿಗೆ ತೆಗೆದು ಅತ್ತ ಇಟ್ಟ. "ಇದ್ರ ವಾಸ್ನೆ ಒಂದ್ ಮೈಲಿಗೆ ಬತ್ತದ ಕಣ್ಲಾ. ಬಟ್ಟೆನ ಸೋಪ್ ಆಕ್ದೆ ಬರೀ ನೀರ್ನಲ್ಲಿ ಜಾಲ್ಸು, ಬಿಸುಲ್ಗೆ ಆಕು. ಬೂಟು ಬುಡು, ಓಡಕ್ಕೆ ಆಗ್ದೇ ಇರೋದ್ನ ಕಾಲ್ಗೆ ಕಟ್ಕಂಡು ಕಾಡ್ಗೆ ಓಗ್ಬಾರ್ದು." ಅರಿಸಿನದ ಟೋಪಿ ನೋಡಿ ಮತ್ತೆ ನಕ್ಕ. ಒಳಗಿನಿಂದ ತನ್ನದೇ ಹಳೆಯ, ಬಣ್ಣ ಹೋದ ಟವೆಲ್ಲು ತಂದು ಮಡಿಸಿ ಚೀಲದಲ್ಲಿ ಮೇಲೆಯೇ ಇಟ್ಟ. ತಲೆಗೆ ಸುತ್ತಿಕೋ, ಅಲ್ಲಾಡುವ ಟೋಪಿ ಬೇಡ ಎಂದ. ಅಷ್ಟು ಅಕ್ಕರೆಯಿಂದ ಇಟ್ಟನಲ್ಲ, ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ, ಅಷ್ಟು ಧೈರ್ಯ ನನಗೆಲ್ಲಿಂದ ಬರಬೇಕು?

ಮೊಬೈಲು ಬಡಿದುಕೊಂಡಿತು. ಆ ಜಗುಲಿಯ ಬಲತುದಿಯಲ್ಲಿ ಮಾತ್ರ ಸಿಗ್ನಲ್ ಬರುತ್ತದೆ, ನಾನು ಕೂತಿದ್ದು ಅಲ್ಲೇ. ಬಿಳಿಯನ ವಿಡಿಯೋ ಕಾಲು. ಗಾಬರಿಯಲ್ಲಿ ಕೆಂಪು ಒತ್ತುವ ಬದಲು ಹಸಿರು ಒತ್ತಿದೆ. ಅವನ ಹಿಂದೆ ನಾಲ್ಕೈದು ಜನ ಗೆಳೆಯರಿದ್ದರು, ಎಲ್ಲರ ಕೈಯಲ್ಲೂ ಗ್ಲಾಸು. ಇವನೇ ಆ ಮನುಷ್ಯ ಎಂದು ಅವರಿಗೆ ನನ್ನನ್ನು ತೋರಿಸಿ, ಕತೆಯನ್ನು ತಾನೇ ಹೇಳಲು ಶುರು ಮಾಡಿದ. ಎರಡು ಕೈ ಎತ್ತಿ ಕಿವಿ ಬೀಸಿದ. ಒಂದು ಕೈ ಮುಂದೆ ಚಾಚಿ ಸೊಂಡಿಲು ಮಾಡಿದ. ಒಬ್ಬನ ಕೋಟು ಎಳೆದುಕೊಂಡು ಕಂಬಳಿಯ ಹಾಗೆ ಅಗಲಿಸಿ ಹಿಡಿದು ಗುಡುಗಿದ. ಕೊನೆಗೆ ಎಡಗಾಲು ಎಳೆಯುತ್ತಾ ಕುಂಟಿ ತೋರಿಸಿದ. ಅಲ್ಲಿದ್ದವರೆಲ್ಲ ನನ್ನ ಕಡೆ ಗ್ಲಾಸು ಎತ್ತಿದರು.

ಪಕ್ಕದಿಂದ ಎಲ್ಲ ನೋಡುತ್ತಿದ್ದ ಗೆಳೆಯನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಆ ಕುಂಟುನಡಿಗೆಗೆ ಭಾಷೆ ಬೇಕಿರಲಿಲ್ಲ. ಅವನ ಕೈಯಲ್ಲಿದ್ದ ಜೋಳದ ತೆನೆ ಹಾಗೇ ನಿಂತಿತು. ನಾನು ಏನೋ ತೊದಲಿ ಫೋನು ಕಟ್ ಮಾಡಿದೆ.

ಅವನು ತೆನೆಯನ್ನು ಪಕ್ಕಕ್ಕಿಟ್ಟ. ಬೈದಿದ್ದರೆ ಹಗುರಾಗುತ್ತಿದ್ದೆ.

"ಆಸ್ಪತ್ರೇಲಿ ಎಂಗ್ ಬಿದ್ದೆ ಅಂದ್ರು. ಪರಿಆರ ಕೇಳಕ್ಕೋದ್ರೆ ಫಾರೆಸ್ಟ್ ಆಪೀಸಲ್ಲಿ ಫೋಟೋ ಎಲ್ಲಿ ಅಂದ್ರು. ಊರೋರು ಅಷ್ಟೊತ್ನಲ್ಲಿ ಯಾಕ್ಲಾ ಓದೆ ಅಂದ್ರು," ಎಂದ, ನನ್ನ ಕಡೆ ನೋಡದೆ. "ನೀನೊಬ್ನೇ ಮಂಚದ್ ಪಕ್ಕ ಕೂತ್ಕಂಡು ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಕೇಳ್ದೋನು. ಅದ್ಕೇ ಎಲ್ಲಾನೂ ಏಳ್ದೆ ನಿಂಗೆ."

ಅಳು ಬಂತು. ಐವತ್ತು ದಾಟಿದ ಮನುಷ್ಯ, ಭುಜಪಟ್ಟಿಯ ಖಾಕಿ ತೊಟ್ಟು, ಅರಿಸಿನದ ಟೋಪಿ ತೊಡೆಯ ಮೇಲಿಟ್ಟುಕೊಂಡು ಅತ್ತೆ. ನೋಡಿದವರಿಗೆ ಏನನ್ನಿಸಿತೋ.

ಮೂಗು ಒರೆಸಿಕೊಂಡು ಬಿಳಿಯನಿಗೆ ನಾನೇ ಫೋನು ಹಚ್ಚಿದೆ. ಆ ಕತೆ ನನ್ನದಲ್ಲ, ಇಗೋ ಇವನದು, ನನ್ನ ಕಲೆ ಮೊಪೆಡ್ಡಿನದು ಎಂದೆ. ಅವನ ಹಿಂದಿದ್ದವರ ಗದ್ದಲ ನಿಂತಿತು. ಅವನ ಕೆಂಪು ಮುಖದಲ್ಲಿ ನಗು ಇರಲಿಲ್ಲ. ಆಮೇಲೆ ಒಂದು ವಾರ ಬಿಟ್ಟು ಅವನು ಆದರೂ ಬಾ ಎಂದು ಬರೆದ, ನಾನೇ ಹೋಗಲಿಲ್ಲ. ಗೆಳೆಯನ ಕಾಲಿನ ಮೇಲೆ ಬಂದ ಟಿಕೆಟ್ಟಿನಲ್ಲಿ ವಿಮಾನ ಹತ್ತಲು ಮನಸ್ಸು ಒಪ್ಪಲಿಲ್ಲ. ಆದರೆ ಅವತ್ತು ಫೋನಿನಲ್ಲಿ ಬಿಳಿಯನು ಕೇಳಿದ್ದು ಒಂದೇ, ಹಾಗಾದರೆ ನಿನ್ನ ಗೆಳೆಯನೇ ಹೇಳಲಿ.

ಗೆಳೆಯ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಂಚೆ ಸರಿಸಿ ಮೊದಲು ಕಾಲು ತೋರಿಸಿದ. ಆಮೇಲೆ ಕನ್ನಡದಲ್ಲಿ, ಅವಸರವಿಲ್ಲದೆ, ಬೆಳಗಿನ ಮಂಜಿನಿಂದ ಶುರು ಮಾಡಿದ. ನಾನು ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸುತ್ತಾ ಹೋದೆ. ಆನೆ ಬಂತು. ಓಡಿದ. ಕಂದಕಕ್ಕೆ ಬಿದ್ದ. ಆನೆ ಮೇಲೆ ಅಂಚಿನಲ್ಲಿ ನಿಂತು ಸೊಂಡಿಲು ಇಳಿಬಿಟ್ಟು ಅವನನ್ನು ಮೂಸುತ್ತಲೇ ಇತ್ತು, ಅದರ ಉಸಿರು ಮುಖಕ್ಕೆ ಬಿಸಿಯಾಗಿ ಬಡಿಯುತ್ತಿತ್ತು.

"ಅವಾಗ ನಾನು ಅವ್ವಾ ಅಂತ ಅತ್ತೆ. ಪಂಚೇಲೇ ಉಚ್ಚೆ ಉಯ್ಕಂಡೆ," ಎಂದ ಗೆಳೆಯ.

ಆ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಗ್ಲಾಸು ಹಿಡಿದ ಅಷ್ಟು ಜನ ಗಂಡಸರ ಮುಂದೆ ಅವನ ಮಾನ ಉಳಿಸೋಣವೆಂದು, ಆನೆ ಹೊರಟುಹೋದ ಮಾತಿಗೆ ಹಾರಲು ಹೊರಟೆ. ಅವನಿಗೆ ಗೊತ್ತಾಯಿತು. ಮೊಣಕೈಯಲ್ಲಿ ನನ್ನ ಪಕ್ಕೆಗೆ ತಿವಿದ.

"ಅದ್ನೂ ಏಳ್ಲಾ. ಅದೂ ನಂದೇ."

ಹೇಳಿದೆ.